ಯೋಜನೆ ಬಾರದ ಊರನ್ನೂ ನೋಡಿ: ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಕಲಿತ ಒಂಬತ್ತು ಪಾಠಗಳು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳ ಪೈಕಿ 39ನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಅಲ್ಲಿಂದೀಚೆಗೆ ಈ ಊರುಗಳಿಗೆ ವಿಶೇಷ ಅಭಿವೃದ್ಧಿ ಯೋಜನೆ ಬಂತು, ಸಂವಿಧಾನದ 371(ಜೆ) ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು. ವಿಮಾ ಕಾರ್ಡು, ಶಾಲೆಯಲ್ಲಿ ಮೊಟ್ಟೆ, ತರಬೇತಿ, ಸಹಾಯಧನಗಳೂ ಬಂದವು. ಪ್ರತಿ ಯೋಜನೆಯ ಕೊನೆಗೆ ಒಂದು ವರದಿ ತಯಾರಾಗುತ್ತದೆ. ಎಷ್ಟು ಹಣ ಖರ್ಚಾಯಿತು, ಎಷ್ಟು ಫಲಾನುಭವಿಗಳು ಎಂಬುದು ಅದರಲ್ಲಿ ಇರುತ್ತದೆ. ಈ ಯೋಜನೆ ಬಾರದೇ ಹೋಗಿದ್ದರೆ ಅದೇ ಜನರ ಸ್ಥಿತಿ ಏನಾಗಿರುತ್ತಿತ್ತು ಎಂಬ ಪ್ರಶ್ನೆಗೆ ಮಾತ್ರ ಬಹುತೇಕ ವರದಿಗಳಲ್ಲಿ ಉತ್ತರ ಸಿಗುವುದಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಮನೆ ಮನೆ ಸಮೀಕ್ಷೆ, ಯೋಜನೆಗಳ ಮೌಲ್ಯಮಾಪನದ ಕೆಲಸ ಮಾಡುತ್ತ ಬಂದವನು ನಾನು. ಪ್ರಯೋಗದ ಮೂಲಕ ಯೋಜನೆಯನ್ನು ಅಳೆಯುವುದೆಂದರೆ ವಿಶ್ವವಿದ್ಯಾಲಯದವರ ಕಸರತ್ತು ಎಂದುಕೊಂಡವರು ಇಲಾಖೆಗಳಲ್ಲೂ ಸ್ವಯಂಸೇವಾ ಸಂಸ್ಥೆಗಳಲ್ಲೂ ಬಹಳ ಮಂದಿ ಇದ್ದಾರೆ. ಬಡವರ ಪಾಲಿನ ಹಣಕ್ಕೆ ನಿಜವಾದ ಲೆಕ್ಕ ಕೇಳಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ. ಆ ನಂಬಿಕೆಯಿಂದ ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ‘ಆಗ ಹೀಗಿತ್ತು, ಈಗ ಹೀಗಾಗಿದೆ’ ಎಂಬ ಲೆಕ್ಕವನ್ನು ನೆಚ್ಚಬೇಡಿ

ನಮ್ಮ ಕಡೆ ಬದುಕು ತೊಗರಿಯ ಮೇಲೆ ನಿಂತಿದೆ. ಮಳೆ ಹದವಾಗಿ ಬಂದು, ದರವೂ ಸಿಕ್ಕ ವರ್ಷ ಮನೆಯಲ್ಲಿ ಎಲ್ಲವೂ ಸುಧಾರಿಸುತ್ತದೆ. ಮಕ್ಕಳ ಊಟ, ಸಾಲದ ಕಂತು, ಆಸ್ಪತ್ರೆಯ ಖರ್ಚು ಎಲ್ಲದರಲ್ಲೂ ಅದು ಕಾಣುತ್ತದೆ. ನೆಟೆ ರೋಗ ಬಿದ್ದ ವರ್ಷ ಎಲ್ಲವೂ ಕೆಡುತ್ತದೆ. ಒಳ್ಳೆಯ ಬೆಳೆಯ ವರ್ಷದಲ್ಲಿ ಮುಗಿದ ಯೋಜನೆ ಗೆದ್ದಂತೆ, ಬರದ ವರ್ಷದಲ್ಲಿ ಮುಗಿದದ್ದು ಸೋತಂತೆ ತೋರುತ್ತದೆ. ಇವೆರಡರಲ್ಲೂ ಯೋಜನೆಯ ಪಾಲು ಎಷ್ಟೆಂಬುದು ತಿಳಿಯುವುದೇ ಇಲ್ಲ.

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ‘ಸಮತಾ’ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟಿಸುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ಹೆಣ್ಣುಮಕ್ಕಳು ಪ್ರೌಢಶಾಲೆ ಮುಗಿಸಬೇಕು, ಬಾಲ್ಯವಿವಾಹ ನಿಲ್ಲಬೇಕು ಎಂಬುದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್‌ನ ಆ ಕಾರ್ಯಕ್ರಮದ ಗುರಿ. 80 ಹಳ್ಳಿಗಳನ್ನು ಆರಿಸಿ, 40ರಲ್ಲಿ ಕಾರ್ಯಕ್ರಮ ನಡೆಸಿ, ಉಳಿದ 40ನ್ನು ಹೋಲಿಕೆಗೆ ಇಟ್ಟರು. ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಹೆಚ್ಚು ಹುಡುಗಿಯರು ಶಾಲೆಯಲ್ಲಿ ಉಳಿದರು, ಮದುವೆಗಳು ಮುಂದಕ್ಕೆ ಹೋದವು. ಆದರೆ ಹೋಲಿಕೆಯ ಹಳ್ಳಿಗಳಲ್ಲೂ ಅದೇ ಆಗಿತ್ತು! ಕಾಲವೇ ಬದಲಾಗುತ್ತಿತ್ತು. ಕಾರ್ಯಕ್ರಮದಿಂದಲೇ ಬಂದ ಹೆಚ್ಚಿನ ಬದಲಾವಣೆ ಒಟ್ಟಾರೆ ಕಾಣಲಿಲ್ಲ ಎಂದು 2019ರಲ್ಲಿ ಸಂಶೋಧಕರು ಪ್ರಾಮಾಣಿಕವಾಗಿ ಪ್ರಕಟಿಸಿದರು. ಆ ನಲವತ್ತು ಊರುಗಳನ್ನು ನೋಡದೇ ಇದ್ದಿದ್ದರೆ ಅದೇ ಕೆಲಸಕ್ಕೆ ದೊಡ್ಡ ಯಶಸ್ಸಿನ ಪಟ್ಟ ಸಿಗುತ್ತಿತ್ತು.

2. ಹೋಲಿಕೆಯ ಊರು ಸರಿಯಾದ ಜೋಡಿಯಾಗಿರಲಿ

ಹೊಸ ತೊಗರಿ ತಳಿ ಬಿಡುಗಡೆ ಮಾಡುವ ಮೊದಲು ಕೃಷಿ ಸಂಶೋಧನಾ ಕೇಂದ್ರದವರು ಹಳೆಯ ತಳಿಯನ್ನೂ ಅದೇ ಹೊಲದಲ್ಲಿ, ಅದೇ ದಿನ ಬಿತ್ತಿ ನೋಡುತ್ತಾರೆ. ಒಂದನ್ನು ಕರಿ ಎರೆಯಲ್ಲೂ ಇನ್ನೊಂದನ್ನು ಕಲ್ಲು ಮಸಾರಿಯಲ್ಲೂ ಬಿತ್ತಿ ಯಾವುದು ಮೇಲೆಂದು ಹೇಳಿದರೆ ಯಾವ ರೈತನೂ ಒಪ್ಪುವುದಿಲ್ಲ. ಯೋಜನೆಗಳಿಗೂ ಇದೇ ನ್ಯಾಯ. ಹೋಲಿಕೆಯ ಪ್ರಯೋಗಗಳ ಈ ಶಿಸ್ತು ಬೆಳೆದದ್ದೇ ಹೊಲದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಅದಕ್ಕೆ ಗಣಿತದ ಅಡಿಪಾಯ ಹಾಕಿದರು.

ಹಿಂದುಳಿದ ತಾಲ್ಲೂಕಿಗೆಂದೇ ಬಂದ ಯೋಜನೆಯನ್ನು ಮುಂದುವರಿದ ತಾಲ್ಲೂಕಿನ ಜೊತೆ ಹೋಲಿಸಿದರೆ ಯೋಜನೆ ಸೋತಂತೆ ಕಾಣುವುದು ಖಚಿತ. ನಮ್ಮ ಮೂರು ತಾಲ್ಲೂಕುಗಳೂ ಒಂದರಂತೆ ಒಂದಿಲ್ಲ. ಆಳಂದದ ಗಡಿಯ ಊರುಗಳ ಬದುಕು ಅರ್ಧ ಮಹಾರಾಷ್ಟ್ರದ ಕಡೆಗಿದೆ. ಅಫಜಲಪುರದ ಭೀಮಾ ದಂಡೆಯಲ್ಲಿ ಕಬ್ಬು ಬೆಳೆಯುತ್ತಾರೆ, ಹೊಳೆ ಬಂದರೆ ಅದೇ ದಂಡೆ ಮುಳುಗುತ್ತದೆ. ಜೇವರ್ಗಿಯ ಒಂದು ಭಾಗಕ್ಕೆ ಕಾಲುವೆ ನೀರಿದೆ, ಇನ್ನೊಂದು ಭಾಗ ಮಳೆಯನ್ನೇ ಕಾಯುತ್ತದೆ. ಆದ್ದರಿಂದ ಒಂದು ತಾಲ್ಲೂಕಿಗೆ ಯೋಜನೆ ಕೊಟ್ಟು ಇನ್ನೊಂದನ್ನು ಹೋಲಿಕೆಗೆ ಇಡಬೇಡಿ. ಪ್ರತಿ ತಾಲ್ಲೂಕಿನ ಒಳಗೇ ಒಂದೇ ಬಗೆಯ ಊರುಗಳನ್ನು ಗುಂಪು ಮಾಡಿ, ಆ ಗುಂಪಿನೊಳಗೆ ಚೀಟಿ ಎತ್ತಿ ಹಂಚಿ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ತೂಗಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಆ ಅಧ್ಯಯನ ಮೊಟ್ಟೆಯ ಪರವಾದ ಚರ್ಚೆಗೆ ಬಲ ಕೊಟ್ಟಿತು. ಅಂತಹ ಹೋಲಿಕೆ ಮಾಡಿದ್ದೇ ಮೆಚ್ಚತಕ್ಕ ಕೆಲಸ. ಒಂದು ಜಿಲ್ಲೆಯನ್ನು ಇನ್ನೊಂದರ ಜೊತೆ ಹೋಲಿಸುವ ಬದಲು ಪ್ರತಿ ಜಿಲ್ಲೆಯಲ್ಲೂ ಕೆಲವು ಶಾಲೆಗಳಿಂದ ಮೊದಲು ಆರಂಭಿಸಿದ್ದರೆ ಯಾದಗಿರಿ ಬೇರೆ, ಗದಗ ಬೇರೆ ಎಂಬ ಆಕ್ಷೇಪಕ್ಕೆ ಜಾಗವೇ ಇರುತ್ತಿರಲಿಲ್ಲ.

3. ಚೀಟಿಯನ್ನು ಊರ ಮುಂದೆ ಎತ್ತಿ

‘ಬಾಜೂ ಊರಿಗಿ ಕೊಟ್ಟೀರಿ, ನಮಗ್ಯಾಕ ಇಲ್ರೀ?’ ಎಂಬ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. ಹಣ ಎಲ್ಲರಿಗೂ ಒಮ್ಮೆಲೇ ಸಾಲುವುದಿಲ್ಲ, ಯಾರಿಗೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ, ಉಳಿದವರಿಗೆ ಮುಂದಿನ ಹಂತದಲ್ಲಿ ಬರುತ್ತದೆ ಎಂದು ಹೇಳಿದಾಗ ನಮ್ಮ ಜನ ಒಪ್ಪುತ್ತಾರೆ. ಶಾಸಕರ ಪಟ್ಟಿ, ಗುತ್ತಿಗೆದಾರರ ಪಟ್ಟಿ, ಅಧ್ಯಕ್ಷರ ಓಣಿ ಇವುಗಳ ಪ್ರಕಾರ ಹಂಚಿದ್ದನ್ನು ಅವರು ನೋಡಿದ್ದಾರೆ. ಚೀಟಿಯಲ್ಲಿ ಮೋಸವಿಲ್ಲ ಎಂಬುದು ಅವರಿಗೆ ಗೊತ್ತು. ಬೆಳೆ ವಿಮೆಗಾಗಿ ನಡೆಯುವ ಬೆಳೆ ಕಟಾವು ಪ್ರಯೋಗದಲ್ಲಿ ಯಾವ ಸರ್ವೆ ನಂಬರಿನ, ಯಾವ ಮೂಲೆಯ ಬೆಳೆ ಕೊಯ್ಯಬೇಕೆಂಬುದನ್ನು ಅಂಕಿಗಳ ಲಾಟರಿಯೇ ಹೇಳುತ್ತದೆ ಎಂಬುದು ರೈತರಿಗೆ ಹೊಸದಲ್ಲ.

ಚೀಟಿ ಎತ್ತುವುದು ಗ್ರಾಮಸಭೆಯಲ್ಲಿ ಇಲ್ಲವೇ ತಾಲ್ಲೂಕು ಪಂಚಾಯ್ತಿ ಸಭಾಂಗಣದಲ್ಲಿ, ಪಿಡಿಒಗಳು ಮತ್ತು ಸದಸ್ಯರ ಎದುರು ಆಗಲಿ. ಎರಡನೇ ಹಂತದ ದಿನಾಂಕವನ್ನು ಅಲ್ಲಿಯೇ ಘೋಷಿಸಿ, ಅದನ್ನು ಪಾಲಿಸಿ. 1997ರಲ್ಲಿ ಮೆಕ್ಸಿಕೊ ದೇಶ ಬಡ ಕುಟುಂಬಗಳಿಗೆ ನಗದು ಕೊಡುವ ‘ಪ್ರೊಗ್ರೆಸಾ’ ಆರಂಭಿಸಿದಾಗ ಹಳ್ಳಿಗಳನ್ನು ಚೀಟಿ ಎತ್ತಿದಂತೆ ಆರಿಸಿ ಹಂತ ಹಂತವಾಗಿ ಕೊಟ್ಟಿತು. ಅಧ್ಯಯನದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, 186ಕ್ಕೆ ನಂತರ. ಆ ಹೋಲಿಕೆಯಿಂದ ಸಿಕ್ಕ ಪುರಾವೆ ಎಷ್ಟು ಗಟ್ಟಿಯಾಗಿತ್ತೆಂದರೆ, ಸರ್ಕಾರ ಬದಲಾದ ಮೇಲೂ ಕಾರ್ಯಕ್ರಮ ಉಳಿಯಿತು, ಬೆಳೆಯಿತು.

ಒಂದು ಮಿತಿಯನ್ನು ಮಾತ್ರ ದಾಟಬಾರದು. ಕಾನೂನು ಕೊಟ್ಟ ಹಕ್ಕನ್ನು, ಉಪಯೋಗ ಆಗಲೇ ಸಾಬೀತಾದ ಲಸಿಕೆಯನ್ನು, ಔಷಧವನ್ನು ಪ್ರಯೋಗದ ಹೆಸರಿನಲ್ಲಿ ಯಾರಿಗೂ ತಡೆಯಬಾರದು. ಚೀಟಿ ಎತ್ತಬೇಕಾದದ್ದು ಫಲ ಇನ್ನೂ ಗೊತ್ತಿಲ್ಲದ ಕೆಲಸಕ್ಕೆ, ಅಥವಾ ಹೇಗೂ ಹಂತ ಹಂತವಾಗಿಯೇ ಹಂಚಬೇಕಾದ ಕೆಲಸಕ್ಕೆ.

4. ಸರ್ಕಾರ ಎಳೆದ ಗೆರೆಯಿಂದಲೂ ಕಲಿಯಬಹುದು

ಎಲ್ಲ ಕಡೆ ಚೀಟಿ ಎತ್ತಲು ಆಗುವುದಿಲ್ಲ. ಆಗ ಸರ್ಕಾರದ ಆದೇಶದಲ್ಲೇ ಒಂದು ಗೆರೆ ಇದೆಯೇ ನೋಡಬೇಕು. ವಾಜಪೇಯಿ ಆರೋಗ್ಯಶ್ರೀ ಇದಕ್ಕೆ ನಮ್ಮದೇ ನಾಡಿನ ದೊಡ್ಡ ಉದಾಹರಣೆ. ಹೃದ್ರೋಗ, ಕ್ಯಾನ್ಸರ್, ಸುಟ್ಟಗಾಯದಂತಹ ದೊಡ್ಡ ಚಿಕಿತ್ಸೆಗಳನ್ನು ಬಿಪಿಎಲ್ ಕುಟುಂಬಗಳಿಗೆ ಉಚಿತವಾಗಿ ಕೊಡುತ್ತಿದ್ದ ಈ ಯೋಜನೆ 2010ರ ಫೆಬ್ರವರಿಯಲ್ಲಿ ಗುಲ್ಬರ್ಗಾ ವಿಭಾಗದಿಂದಲೇ ಶುರುವಾಯಿತು. ದಕ್ಷಿಣದ ಜಿಲ್ಲೆಗಳಿಗೆ ಅದು ಹೋದದ್ದು 2012ರ ಹೊತ್ತಿಗೆ. ನಡುವಿನ ಎರಡೂವರೆ ವರ್ಷ ರಾಜ್ಯದ ಮಧ್ಯದಲ್ಲಿ ಒಂದು ಗೆರೆ ಇತ್ತು. ಗೆರೆಯ ಈಚೆಗಿನ ಊರಿಗೆ ಯೋಜನೆ ಇತ್ತು, ಆಚೆಗಿನ ಊರಿಗೆ ಇರಲಿಲ್ಲ. ಬದುಕು, ಬೆಳೆ, ಜನ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ.

ಸಂಶೋಧಕ ನೀರಜ್ ಸೂದ್ ಮತ್ತು ಸಂಗಡಿಗರು ಆ ಗೆರೆಯ ಎರಡೂ ಬದಿಯ ಊರುಗಳಿಗೆ ಹೋದರು. ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿ. ಎರಡೂ ಕಡೆ ಸೇರಿ ಸುಮಾರು 60,000 ಮನೆಗಳು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ ಬಿಪಿಎಲ್ ಕುಟುಂಬಗಳಲ್ಲಿ ಆಚೆ 0.90%, ಈಚೆ 0.32%. ಆಸ್ಪತ್ರೆಗೆ ಕೈಯಿಂದ ಹಾಕುವ ಖರ್ಚು 34%ರಷ್ಟು ಕಡಿಮೆ. ಎಪಿಎಲ್ ಕುಟುಂಬಗಳಿಗೆ ಯೋಜನೆ ಎರಡೂ ಕಡೆ ಇರಲಿಲ್ಲ. ಅವರನ್ನೂ ಸಮೀಕ್ಷೆಗೆ ಸೇರಿಸಿದ್ದು ಈ ಅಧ್ಯಯನದ ಜಾಣತನ. ಎರಡು ಪ್ರದೇಶಗಳೇ ಬೇರೆ ಬೇರೆ ಆಗಿದ್ದರೆ ಅವರಲ್ಲೂ ವ್ಯತ್ಯಾಸ ಕಾಣಬೇಕಿತ್ತು, ಹಾಗೆ ಕಾಣಲಿಲ್ಲ.

ಗುಲ್ಬರ್ಗಾ ವಿಭಾಗಕ್ಕೆ ಮೊದಲು ಕೊಟ್ಟದ್ದು ಹಿಂದುಳಿದಿರುವಿಕೆಯನ್ನು ನೋಡಿ ಕೊಟ್ಟ ಆದ್ಯತೆ. ಅದರಿಂದ ಜ್ಞಾನವೂ ಹುಟ್ಟಿತು. ಯಾವುದೇ ಯೋಜನೆ ಹಂತ ಹಂತವಾಗಿ ಬರುತ್ತಿದೆ ಎಂದು ತಿಳಿದ ಕೂಡಲೇ ಗೆರೆಯ ಎರಡೂ ಕಡೆ ಮೊದಲ ಸಮೀಕ್ಷೆ ಮುಗಿಸಿಬಿಡಿ. ಆ ಅವಕಾಶ ಮತ್ತೆ ಬರುವುದಿಲ್ಲ.

5. ಕಾರ್ಡು ಮನೆ ಸೇರಿದರೆ ಯೋಜನೆ ಮನೆ ಸೇರಿದಂತಲ್ಲ

ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳಲ್ಲಿ ನಡೆದ ಆರೋಗ್ಯ ವಿಮಾ ಪ್ರಯೋಗ ಈ ಕ್ಷೇತ್ರದಲ್ಲಿ ದೇಶದ ದೊಡ್ಡ ಪ್ರಯೋಗಗಳಲ್ಲಿ ಒಂದು. ಅನೂಪ್ ಮಲಾನಿ, ಸಿಂಥಿಯಾ ಕಿನ್ನನ್ ಮೊದಲಾದವರ ತಂಡ 435 ಹಳ್ಳಿಗಳ 10,879 ಕುಟುಂಬಗಳನ್ನು ಅದಕ್ಕೆ ಸೇರಿಸಿತ್ತು. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಿಪಿಎಲ್‌ನವರಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ಖರ್ಚು ಭರಿಸುತ್ತಿತ್ತು. ಅದನ್ನು ಎಪಿಎಲ್ ಕುಟುಂಬಗಳಿಗೂ ವಿಸ್ತರಿಸಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ಚೀಟಿಯ ಮೂಲಕ ಕುಟುಂಬಗಳು ನಾಲ್ಕು ಗುಂಪಾದವು. ಒಂದಕ್ಕೆ ವಿಮೆ ಉಚಿತ. ಇನ್ನೊಂದಕ್ಕೆ ಹಣ ಕೊಟ್ಟು ಕೊಳ್ಳುವ ಅವಕಾಶ. ಮತ್ತೊಂದಕ್ಕೆ ಕೊಳ್ಳುವ ಅವಕಾಶದ ಜೊತೆ ನಗದು. ಕೊನೆಯದಕ್ಕೆ ಏನೂ ಇಲ್ಲ.

ಉಚಿತವಾಗಿ ಕೊಟ್ಟಾಗ 78.71% ಕುಟುಂಬಗಳು ಸೇರಿದವು. ದುಡ್ಡು ಕೇಳಿದಾಗಲೂ 59.91% ಸೇರಿದವು. ಹಳ್ಳಿಯ ಜನ ದುಡ್ಡು ಕೊಟ್ಟು ವಿಮೆ ಕೊಳ್ಳುವುದಿಲ್ಲ ಎಂಬ ಮಾತು ಇಲ್ಲಿ ಬಿದ್ದುಹೋಯಿತು. ಮುಂದಿನ ಫಲಿತಾಂಶ ಗಂಭೀರವಾದದ್ದು. ಕಾರ್ಡು ಹಿಡಿದು ಹೋದ ಎಷ್ಟೋ ಜನರಿಗೆ ಅದನ್ನು ಬಳಸಲು ಆಗಲಿಲ್ಲ. ಹದಿನೆಂಟು ತಿಂಗಳ ನಂತರವೂ, ಮೂರೂವರೆ ವರ್ಷದ ನಂತರವೂ ಕೇಳಿ ನೋಡಿದಾಗ ಆರೋಗ್ಯದ ಅಳತೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಊರುಗಳನ್ನು ಬಲ್ಲವರಿಗೆ ಇದರ ಹಿಂದಿನ ದಾರಿ ಗೊತ್ತಿದೆ. ಕಾರ್ಡು ಟ್ರಂಕಿನಲ್ಲಿ ಬಟ್ಟೆಯ ಅಡಿ ಇರುತ್ತದೆ. ರಾತ್ರಿ ಹೊಟ್ಟೆನೋವು ಬಂದಾಗ ಜೀಪು ಹುಡುಕುವ ಗಡಿಬಿಡಿಯಲ್ಲಿ ಅದು ನೆನಪಾಗುವುದಿಲ್ಲ. ಆಳಂದ, ಅಫಜಲಪುರದ ಗಡಿಯ ಹಳ್ಳಿಗಳವರಿಗೆ ದೊಡ್ಡ ಆಸ್ಪತ್ರೆ ಎಂದರೆ ಸೊಲ್ಲಾಪುರ. ಅಲ್ಲಿ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ. ಬೆರಳಚ್ಚು ತಾಳೆಯಾಗುವುದಿಲ್ಲ, ಯಂತ್ರ ಕೆಟ್ಟಿರುತ್ತದೆ. ಆದ್ದರಿಂದ ಮೌಲ್ಯಮಾಪನದ ಪ್ರಶ್ನಾವಳಿಯಲ್ಲಿ ‘ಕಾರ್ಡು ಇದೆಯೇ’ ಎಂಬಲ್ಲಿಗೆ ನಿಲ್ಲಬೇಡಿ. ಎಲ್ಲಿಗೆ ಒಯ್ದಿರಿ, ಯಾರಿಗೆ ತೋರಿಸಿದಿರಿ, ಅವರೇನು ಹೇಳಿದರು, ಕೊನೆಗೆ ಎಷ್ಟು ದುಡ್ಡು ಕೊಟ್ಟಿರಿ ಎಂದು ಹೆಜ್ಜೆ ಹೆಜ್ಜೆಯಾಗಿ ಕೇಳಿ. ಯೋಜನೆ ಎಲ್ಲಿ ಕಡಿದುಹೋಗಿದೆ ಎಂಬುದು ಅಲ್ಲಿ ಸಿಗುತ್ತದೆ, ಸರಿಪಡಿಸುವ ದಾರಿಯೂ ಅಲ್ಲೇ ಸಿಗುತ್ತದೆ.

6. ಜಾರಿ ಮಾಡುವ ಕೈಗಳನ್ನೂ ಅಳೆಯಿರಿ

ರಾಜ್ಯದ ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 140ನ್ನು ಚೀಟಿಯ ಮೂಲಕ ಆರಿಸಿ ಬೆರಳಚ್ಚು ಹಾಜರಾತಿ ಯಂತ್ರ ಅಳವಡಿಸಿದ್ದರು. ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಅದನ್ನು ಅಧ್ಯಯನ ಮಾಡಿದರು. ದಾದಿಯರು, ಔಷಧ ವಿತರಕರು, ಲ್ಯಾಬ್ ಸಿಬ್ಬಂದಿಯ ಹಾಜರಿ ಹೆಚ್ಚಿತು, ಕಡಿಮೆ ತೂಕದ ಶಿಶುಗಳ ಜನನವೂ ಇಳಿಯಿತು. ವೈದ್ಯರ ಹಾಜರಿ ಮಾತ್ರ ಬದಲಾಗಲಿಲ್ಲ. ಗೈರಾದವರ ಮೇಲೆ ಕ್ರಮ ಕೈಗೊಳ್ಳುವುದು ಮೇಲಿನವರಿಗೆ ಕಷ್ಟವಾಯಿತು, ಮೊದಲೇ ವೈದ್ಯರ ಕೊರತೆಯಿದ್ದ ಕಡೆ ಬಿಗಿ ಮಾಡುವ ಧೈರ್ಯ ಬರಲಿಲ್ಲ. ಯಂತ್ರ ತನ್ನ ಕೆಲಸ ಮಾಡಿದರೂ ಆದೇಶ ಮಾಡಬೇಕಾದ ಕೈ ತಡೆಯಿತು. ಹಾಗಾಗಿ ಪ್ರಯೋಗದ ವರದಿಯಲ್ಲಿ ಯೋಜನೆ ಕಾಗದದಲ್ಲಿ ಇದ್ದಂತೆ ಜಾರಿಯಾಯಿತೇ ಎಂಬುದಕ್ಕೆ ಪ್ರತ್ಯೇಕ ಅಧ್ಯಾಯ ಇರಲಿ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಎಷ್ಟು ಹೊಸ ಕೆಲಸ ಹೇರಿದಿರಿ ಎಂಬುದನ್ನೂ ಅದರಲ್ಲಿ ಬರೆಯಿರಿ.

7. ಸುದ್ದಿಗೆ ಬೇಲಿ ಇಲ್ಲ

ಒಂದೇ ಓಣಿಯಲ್ಲಿ ಒಂದು ಮನೆಗೆ ಕೊಟ್ಟು ಪಕ್ಕದ ಮನೆಯನ್ನು ಹೋಲಿಕೆಗೆ ಇಟ್ಟರೆ ಲೆಕ್ಕ ಕೆಡುತ್ತದೆ. ಸಂತೆಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ, ನಳದ ಹತ್ತಿರ ಮಾತು ಹರಡುತ್ತದೆ. ಒಳ್ಳೆಯ ಮಾಹಿತಿಯಾದರೆ ಹರಡಲಿ, ಅದು ಯೋಜನೆಯ ಲಾಭವೇ, ಆದರೆ ಅದನ್ನೂ ಅಳೆಯುವ ಏರ್ಪಾಡು ಬೇಕು. ಮೇಲಿನ ವಿಮಾ ಪ್ರಯೋಗದಲ್ಲಿ ಊರಿಂದ ಊರಿಗೆ ಎಷ್ಟು ಪಾಲು ಕುಟುಂಬಗಳಿಗೆ ವಿಮೆ ಕೊಡಬೇಕೆಂಬುದನ್ನೇ ಬದಲಿಸಿದ್ದರು. ಹೆಚ್ಚು ಮನೆಗಳಿಗೆ ವಿಮೆ ಇದ್ದ ಊರಿನಲ್ಲಿ ಅದರ ಬಳಕೆಯೂ ಹೆಚ್ಚಿತ್ತು. ನೆರೆಯವರನ್ನು ನೋಡಿ ಜನ ಕಲಿತರು ಎಂಬುದಕ್ಕೆ ಅದು ಸೂಚನೆ. ತಿಳಿವಳಿಕೆ, ನಡವಳಿಕೆಯ ಕೆಲಸವಾದರೆ ಚೀಟಿಯನ್ನು ಮನೆಗೆ ಎತ್ತಬೇಡಿ, ಇಡೀ ಊರಿಗೆ ಎತ್ತಿ. ತಾಂಡಾ ಮತ್ತು ಅದರ ಮೂಲ ಊರನ್ನು ಬೇರೆ ಬೇರೆ ಗುಂಪಿಗೆ ಹಾಕುವ ಮೊದಲು ಅವರ ಶಾಲೆ, ಅಂಗನವಾಡಿ ಒಂದೇ ಆಗಿವೆಯೇ ವಿಚಾರಿಸಿ.

8. ಪಂಚಾಂಗ ನೋಡಿ ಸಮೀಕ್ಷೆ ಇಡಿ

ತೊಗರಿ ರಾಶಿಯ ಹೊತ್ತಿನಲ್ಲಿ ಹಗಲು ಮನೆಗೆ ಹೋದರೆ ಮುದುಕರು, ಮಕ್ಕಳು ಮಾತ್ರ ಸಿಗುತ್ತಾರೆ. ರಾಶಿ ಮುಗಿದ ಮೇಲೆ ಅನೇಕ ಮನೆಗಳಿಗೆ ಬೀಗ. ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಮೊದಲ ಸಮೀಕ್ಷೆ ಮುಂಗಾರಿನಲ್ಲಿ, ಕೊನೆಯದು ಬೇಸಿಗೆಯಲ್ಲಿ ಆದರೆ ನೀವು ಎರಡು ಬೇರೆ ಬೇರೆ ಊರುಗಳನ್ನು ಹೋಲಿಸಿದಂತೆ. ಬೀಗ ಹಾಕಿದ ಮನೆಯೇ ಬಹುಪಾಲು ಅತ್ಯಂತ ಬಡ ಮನೆ. ಅದನ್ನು ‘ಸಿಗಲಿಲ್ಲ’ ಎಂದು ಬಿಟ್ಟರೆ ಯೋಜನೆ ಯಾರಿಗಾಗಿ ಬಂತೋ ಅವರೇ ಲೆಕ್ಕದಿಂದ ಹೊರಗುಳಿಯುತ್ತಾರೆ. ಮೊದಲ ಭೇಟಿಯಲ್ಲೇ ಅವರ ಒಪ್ಪಿಗೆ ಪಡೆದು ಒಬ್ಬ ಸಂಬಂಧಿಕರ ಫೋನ್ ನಂಬರ್ ಬರೆದುಕೊಳ್ಳಿ. ಯುಗಾದಿಗೆ, ಊರ ಜಾತ್ರೆಗೆ ಜನ ಮರಳುತ್ತಾರೆ, ಆಗ ಹೋಗಿ.

ಭಾಷೆಯ ಬಗ್ಗೆಯೂ ಎಚ್ಚರ ಬೇಕು. ಲಂಬಾಣಿ, ಉರ್ದು, ಮರಾಠಿ ಮಾತಾಡುವ ಮನೆಗಳಿಗೆ ಆ ಭಾಷೆ ಬಲ್ಲವರನ್ನೇ ಕಳಿಸಿ. ಹೆರಿಗೆ, ಕುಟುಂಬದ ವಿಷಯ ಕೇಳಲು ಸ್ಥಳೀಯ ಹೆಣ್ಣುಮಕ್ಕಳೇ ಆಗಬೇಕು. ‘ಯವ್ವಾ, ಒಂದೀಟು ಮಾತಾಡೂಣು’ ಎಂದು ಹೊಸ್ತಿಲಲ್ಲಿ ಕೂತವಳಿಗೆ ಸಿಗುವ ಉತ್ತರ ಟ್ಯಾಬ್ ಹಿಡಿದು ನಿಂತವನಿಗೆ ಸಿಗುವುದಿಲ್ಲ.

9. ಏನನ್ನು ಅಳೆಯುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ, ಫಲಿತಾಂಶವನ್ನು ಊರಿಗೆ ಹೇಳಿ

ನೂರು ಪ್ರಶ್ನೆ ಕೇಳಿದರೆ ಒಂದೆರಡರಲ್ಲಿ ಯೋಜನೆ ಗೆದ್ದಂತೆ ಕಾಣುವುದು ಕೇವಲ ಆಕಸ್ಮಿಕದಿಂದಲೂ ಸಾಧ್ಯ. ಆ ಒಂದೆರಡನ್ನೇ ಎತ್ತಿ ವರದಿ ಬರೆಯುವ ಆಸೆ ಯಾರಿಗಾದರೂ ಬರಬಹುದು. ಅದನ್ನು ತಡೆಯುವ ಉಪಾಯ ಸುಲಭ. ಮುಖ್ಯ ಅಳತೆ ಯಾವುದು ಎಂದು ಆರಂಭಕ್ಕೆ ಮೊದಲೇ ಬರೆದು ಸಹಿ ಮಾಡಿ ಇಡುವುದು.

ಬೆಳಗಾವಿ ಜಿಲ್ಲೆಯಲ್ಲಿ 2002ರಿಂದ 2005ರವರೆಗೆ ನಡೆದ ಮಿಸೊಪ್ರೊಸ್ಟಾಲ್ ಪ್ರಯೋಗ ಈ ಶಿಸ್ತಿಗೆ ಮಾದರಿ. ಹೆರಿಗೆಯಾದ ಕೂಡಲೇ ಎಎನ್‌ಎಂ ಕೊಡುವ ಮಾತ್ರೆಯಿಂದ ಅತಿ ರಕ್ತಸ್ರಾವ ತಗ್ಗುತ್ತದೆಯೇ ಎಂಬ ಒಂದೇ ಪ್ರಶ್ನೆ. 1,620 ತಾಯಂದಿರಲ್ಲಿ ಯಾರಿಗೆ ಔಷಧ, ಯಾರಿಗೆ ಸಪ್ಪೆ ಮಾತ್ರೆ ಎಂಬುದು ಕೊಟ್ಟವರಿಗೂ ತಿಳಿದಿರಲಿಲ್ಲ. ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಗುರುತು ಹಾಕಿದ ಚೀಲದಲ್ಲಿ ಅಳೆದರು. ಅತಿ ರಕ್ತಸ್ರಾವ 12%ರಿಂದ 6.4%ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆ ಫಲಿತಾಂಶವನ್ನು ಜಗತ್ತು ಗಮನಿಸಿತು. ನಮ್ಮ ಹಳ್ಳಿಯ ಎಎನ್‌ಎಂ ಕೈಯಿಂದ ಜಗತ್ತಿಗೆ ಬೇಕಾದ ಉತ್ತರ ಹೊರಟಿತ್ತು.

ಫಲಿತಾಂಶ ಪತ್ರಿಕೆಗೆ, ಇಲಾಖೆಗೆ ಹೋಗುವುದರ ಜೊತೆಗೆ ಉತ್ತರ ಕೊಟ್ಟ ಊರಿಗೂ ಹೋಗಬೇಕು. ಗಂಟೆಗಟ್ಟಲೆ ಕೂತು ತಮ್ಮ ಸಾಲ, ಕಾಯಿಲೆ, ಸಾವುಗಳ ಲೆಕ್ಕ ಕೊಟ್ಟವರಿಗೆ ಅದು ಸಲ್ಲಬೇಕಾದ ಋಣ. ಗ್ರಾಮಸಭೆಯಲ್ಲಿ ಒಂದು ಪುಟದ ಕನ್ನಡ ಸಾರಾಂಶ ಓದಿ. ಪರಿಣಾಮ ಕಾಣದಿದ್ದರೆ ಅದನ್ನೂ ಓದಿ. ಯಾವುದು ಕೆಲಸ ಮಾಡುವುದಿಲ್ಲ ಎಂದು ತಿಳಿದರೆ ಆ ಹಣ ಇನ್ನೊಂದು ಒಳ್ಳೆಯ ಕೆಲಸಕ್ಕೆ ಉಳಿಯುತ್ತದೆ.

ಇಷ್ಟನ್ನು ಬರೆದದ್ದು ಒಂದು ಬೇಡಿಕೆ ಇಡುವುದಕ್ಕಾಗಿ. 2023-24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಇದು ದಶಕಗಳ ಹೋರಾಟದಿಂದ ಈ ಭಾಗಕ್ಕೆ ಸಿಕ್ಕ ಹಣ. ರಾಜ್ಯದಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವೂ ಇದೆ, ಕಲಬುರಗಿಯಲ್ಲಿ ವಿಶ್ವವಿದ್ಯಾಲಯವಿದೆ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹೊಸ ಯೋಜನೆಗೆ ಮಂಜೂರಾತಿ ಕೊಡುವ ಮೊದಲು ಮಂಡಳಿ ಮೂರು ಪ್ರಶ್ನೆ ಕೇಳಲಿ: ಮೊದಲ ಹಂತದ ಊರುಗಳನ್ನು ಹೇಗೆ ಆರಿಸುತ್ತೀರಿ, ಯಾವ ಊರುಗಳ ಜೊತೆ ಹೋಲಿಸುತ್ತೀರಿ, ಫಲಿತಾಂಶವನ್ನು ಯಾವ ದಿನ ಜನರಿಗೆ ಹೇಳುತ್ತೀರಿ? ಈ ಮೂರಕ್ಕೆ ಉತ್ತರವಿಲ್ಲದ ಕಡತವನ್ನು ವಾಪಸು ಕಳಿಸಲಿ. ಅಧಿಕಾರಿಗಳು ಕೇಳದಿದ್ದರೆ ಗ್ರಾಮ ಪಂಚಾಯ್ತಿ ಸದಸ್ಯರು ಕೇಳಲಿ, ಅವರೂ ಕೇಳದಿದ್ದರೆ ಓದುಗರಾದ ನೀವು ಗ್ರಾಮಸಭೆಯಲ್ಲಿ ಎದ್ದು ಕೇಳಿ.